ಲಕೋಟೆಯೊಳಗಿನ ಹಿಪ್ಪುನೇರಳೆ

ಬಾಗಿಲ ಹತ್ತಿರ ಕಾರ್ಪೆಟ್ಟಿನ ಅಂಚು ಕಿತ್ತು ಬಂದಿದೆ, ಯಾರೋ ಅವಸರಕ್ಕೆ ಗೋಂದು ಬಳಿದು ಒತ್ತಿ ಹೋಗಿದ್ದಾರೆ, ಅದು ಒಣಗುವ ಮೊದಲೇ ಇನ್ಯಾರೋ ತುಳಿದಿದ್ದಾರೆ, ಇಷ್ಟು ದೊಡ್ಡ ಕೋರ್ಟು, ನ್ಯಾಯಾಧೀಶರ ತಲೆಯ ಮೇಲೆ ಕಾಂಗರೂ ಎಮು ಎರಡೂ ನಿಂತ ಲಾಂಛನ, ನೆಲಕ್ಕೆ ಮಾತ್ರ ಇಂಥ ಹಾಳು ಕೆಲಸ, ತನಗೆ ಅರ್ಧ ಗಂಟೆ ಕೊಟ್ಟರೆ ಸರಿ ಮಾಡಿಬಿಡುತ್ತಿದ್ದ — ಒಂಬತ್ತು ವರ್ಷ ಮೆಲ್ಬರ್ನಿನ ಬಚ್ಚಲು ಅಡುಗೆಮನೆಗಳಲ್ಲಿ ಟೈಲ್ಸ್ ಕೂರಿಸಿ ಕೂರಿಸಿ ಇವಾಜ್ ಅಲಿಗೆ ಎಲ್ಲಿ ಹೋದರೂ ಮೊದಲು ನೆಲ ನೋಡುವ ಚಾಳಿ, ಈವತ್ತು ಆ ಚಾಳಿಯೇ ಒಂದು ಪುಣ್ಯ, ಏಕೆಂದರೆ ತಲೆ ಎತ್ತಿದರೆ ಎದುರಿಗೆ ಬೋಸ್ತಾನನ ಬೆನ್ನು, ತಾನೇ ಕೊಟ್ಟ ನೀಲಿ ಕೋಟಿನೊಳಗೆ ಸಣ್ಣಗೆ ಕೂತಿರುವ ಬೆನ್ನು. ಬೆಳಿಗ್ಗೆ ಹಕೀಮಾ ಹೊಸ್ತಿಲಲ್ಲಿ ಕುರಾನು ಎತ್ತಿ ಹಿಡಿದಳು, ಬೋಸ್ತಾನ ಅದಕ್ಕೆ ಮುತ್ತಿಟ್ಟು ಅದರಡಿಯಲ್ಲಿ ಬಗ್ಗಿ ದಾಟಿದ, ಹಿಂದೆಯೇ ಇವನೂ ದಾಟಬೇಕಾಯಿತು, ದಾಟುವಾಗ ಹೆಂಡತಿಯ ಮುಖ ನೋಡಲಿಲ್ಲ, ಅವಳೂ ಇವನ ಮುಖ ನೋಡಲಿಲ್ಲ, ಕಾರು ಹೊರಟಾಗ ಪದ್ಧತಿಯಂತೆ ಹಿಂದೆ ಒಂದು ಚೊಂಬು ನೀರು ಚೆಲ್ಲಿದಳು, ಹೋದವರು ನೀರಿನ ಹಾಗೆ ಸರಾಗ ತಿರುಗಿ ಬರಲಿ ಎಂದು, ಯಾರು ತಿರುಗಿ ಬರಲಿ ಎಂದು ಚೆಲ್ಲಿದಳೋ ಅವಳಿಗೇ ಗೊತ್ತು. ಬೋಸ್ತಾನನೇನು ಬೇರೆಯವನೇ, ಹಾಲಿನ ತಮ್ಮ, ಹೆತ್ತವಳು ಹೆರಿಗೆಯಲ್ಲೇ ಹೋದ ಮೇಲೆ ಮೂರು ದಿನದ ಕೂಸನ್ನು ಕಂಬಳಿಯಲ್ಲಿ ಸುತ್ತಿ ತಂದು ಇವನ ತಾಯಿಯ ಮಡಿಲಿಗೆ ಹಾಕಿದರಂತೆ, ಇವನಿಗೆ ಆಗ ಐದು ತಿಂಗಳು, ಬಲಕ್ಕೆ ನೀನು ಎಡಕ್ಕೆ ಅವನು, ಇಬ್ರೂ ಸೇರಿ ನನ್ನ ಹಿಂಡಿ ಹಿಪ್ಪೆ ಮಾಡಿದ್ರಿ ಕಣ್ರೋ ಎಂದು ಆಬೈ ಈಗಲೂ ಕ್ವೆಟ್ಟಾದಿಂದ ಫೋನಿನಲ್ಲಿ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾಳೆ, ನಮ್ಮವರಲ್ಲಿ ಹಾಲು ಅಂದರೆ ರಕ್ತವೇ, ಇವನ ತಂಗಿಯನ್ನು ಅವನು ಮದುವೆಯಾಗುವಂತಿಲ್ಲ, ಅವನ ಹೆಣಕ್ಕೆ ಇವನೇ ಹೆಗಲು ಕೊಡಬೇಕು. ಇಲ್ಲಿನ ಫಾರಮ್ಮಿನಲ್ಲಿ ಮಾತ್ರ ಹಾಲಿಗೆ ಖಾನೆಯಿಲ್ಲ, ಒಡಹುಟ್ಟಿದವರು ಎಂಬಲ್ಲಿ ಇಬ್ಬರೂ ಬೇರೆಬೇರೆ ವರ್ಷ ಬೇರೆಬೇರೆ ಪೆನ್ನಿನಲ್ಲಿ ಯಾರೂ ಇಲ್ಲ ಎಂದು ಬರೆದರು. ಸರ್ಕಾರದ ಲೆಕ್ಕಕ್ಕೆ ಬೋಸ್ತಾನ ಇವಾಜನ ಡಾಂಡೆನಾಂಗ್ ಮನೆಯ ಹಿಂದಿನ ಕೋಣೆಯಲ್ಲಿರುವ ಬಾಡಿಗೆದಾರ, ಅಷ್ಟೇ.

ನ್ಯಾಯಾಧೀಶರು ಮಾತಾಡುತ್ತಿದ್ದಾರೆ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ದೊಡ್ಡ ಹೆಂಗಸು, ದನಿ ಮಾತ್ರ ಮೆತ್ತಗೆ, ದುಭಾಷಿ ಬೋಸ್ತಾನನ ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಿದ್ದಾನೆ, ಇವನಿಗೆ ದುಭಾಷಿ ಬೇಡ, ಒಂಬತ್ತು ವರ್ಷದ ಇಂಗ್ಲಿಷು ಸಾಕು, ಸಾಕಾಗಿದೆ — ಅರ್ಜಿದಾರರು ಒಂದು ವಿಷಯ ತಿಳಿದುಕೊಳ್ಳಬೇಕು, ಅವರ ಕಥೆ ನಿಜವೋ ಸುಳ್ಳೋ ಎಂದು ಈ ಕೋರ್ಟು ನೋಡುವುದಿಲ್ಲ, ಮೇಲ್ಮನವಿ ಮಂಡಳಿಯವರು ಅವರಿಗೆ ಆಶ್ರಯ ಇಲ್ಲ ಎನ್ನುವಾಗ ಕಾನೂನಿನ ಪ್ರಕಾರ ನಡೆದುಕೊಂಡರೇ ಇಲ್ಲವೇ, ಅದನ್ನಷ್ಟೇ ನೋಡುತ್ತದೆ. ಇದೇ ಮಾತನ್ನು ವಕೀಲೆ ಬ್ರಿಡ್ಜೆಟ್ ಮೊದಲನೇ ಸಲ ಹೇಳಿದ ದಿನ ಬೋಸ್ತಾನ ಕಾರಿನಲ್ಲಿ ಉದ್ದಕ್ಕೂ ನಕ್ಕಿದ್ದ, ಅಂದ್ರೇನೋ ಇದು, ರೊಟ್ಟಿ ಹಳಸಿದ್ಯೋ ಇಲ್ವೋ ಅಂತ ನೋಡಲ್ಲ, ತಟ್ಟೆ ತೊಳೆದಿದ್ರಾ ಇಲ್ವಾ ಅಂತ ಮಾತ್ರ ನೋಡ್ತಾರೆ, ಸರಿ ಮಾರಾಯ, ತಟ್ಟೆನೇ ನೋಡ್ಲಿ, ನನ್ನ ನಸೀಬು ಚೆನ್ನಾಗಿದ್ರೆ ತಟ್ಟೆ ಕೊಳಕಾಗಿರುತ್ತೆ. ತಟ್ಟೆ ಕೊಳಕಾಗಿಯೇ ಇತ್ತು, ಬ್ರಿಡ್ಜೆಟ್ ಆರು ತಿಂಗಳು ಕಡತ ಕೆದಕಿ ಹುಡುಕಿದಳು, ಬಿಡಿಗಾಸು ಕೇಳದೆ ಕೇಸು ಹಿಡಿದ ಪುಣ್ಯಾತ್ಗಿತ್ತಿ, ಈಗ ಎದ್ದು ನಿಂತು ಅದನ್ನೇ ಹೇಳುತ್ತಿದ್ದಾಳೆ, ಮಂಡಳಿಯ ಕೈಯಲ್ಲಿ ಬೇರೊಬ್ಬ ಮನುಷ್ಯನ ಹಳೆಯ ಹೇಳಿಕೆಯೊಂದಿತ್ತು, ನನ್ನ ಕಕ್ಷಿದಾರನ ಕಥೆಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ, ಆದ್ದರಿಂದ ಇವನ ಕಥೆ ಕದ್ದದ್ದು ಎಂದು ಮಂಡಳಿ ತೀರ್ಮಾನಿಸಿತು, ಆದರೆ ಆ ಹೇಳಿಕೆಯನ್ನು ಇವನಿಗೆ ಒಮ್ಮೆಯೂ ತೋರಿಸಲಿಲ್ಲ, ಯಾರು ಯಾವಾಗ ಹೇಳಿದ್ದು ಎಂದು ಸುಳಿವೂ ಕೊಡಲಿಲ್ಲ, ಕಳ್ಳ ಎಂದ ಮೇಲೆ ಕದ್ದ ಮಾಲನ್ನಾದರೂ ತೋರಿಸಬೇಡವೇ. ವಲಸೆ ಮಂತ್ರಿಗಳ ಕಡೆಯ ವಕೀಲನ ಮೇಜಿನ ಮೇಲೆ ಆ ಮಾಲು ಇದೆ, ಹಳದಿ ಲಕೋಟೆ, ಬಾಯಿಗೆ ಟೇಪು ಅಂಟಿಸಿದ್ದು, ಅವನು ಅದರ ಮೇಲೆ ನೀರಿನ ಲೋಟ ಇಟ್ಟಿದ್ದಾನೆ. ಇವಾಜ್ ಆ ಲೋಟವನ್ನು ನೋಡಿದ, ತಟ್ಟನೆ ಕಣ್ಣು ಕೆಳಗಿಳಿಸಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ತಾನಾಗಿ ಕುತ್ತಿಗೆಪಟ್ಟಿಗೆ ಹೋಯಿತು.

ಬೇರೊಬ್ಬ ಮನುಷ್ಯ. ಅಯ್ಯೋ ದೇವರೇ. ಕ್ವೆಟ್ಟಾದ ಮನೆಯ ತಾರಸಿ, ಚಳಿಗಾಲದ ಬಿಸಿಲು, ಆಬೈ ಕೆಳಗೆ ಹಿಟ್ಟು ನಾದುತ್ತಿದ್ದಳು, ಬೋಸ್ತಾನ ಗಡಿ ದಾಟಿ ಬಂದು ನಾಲ್ಕು ದಿನವಾಗಿತ್ತು, ನಾಲ್ಕು ದಿನದಿಂದ ಮಾತಿಲ್ಲ, ಚಹಾ ಕೊಟ್ಟರೆ ಕುಡಿಯುವುದು, ಗೋಡೆ ನೋಡುವುದು, ಅವತ್ತು ಒಗೆದ ಬಟ್ಟೆ ಹರವುತ್ತಿದ್ದಾಗ ಇದ್ದಕ್ಕಿದ್ದಂತೆ ಶುರುಮಾಡಿದ, ಕೈಯಲ್ಲಿ ಹಿಂಡಿದ ಷರಾಯಿ ಹಾಗೇ ಇತ್ತು. ಜಾಗೂರಿಯಿಂದ ಕಾಬೂಲಿಗೆ ಹೊರಟ ಬಸ್ಸು, ಕರಾಬಾಗಿನ ಹತ್ತಿರ ಬಂದೂಕು ಹಿಡ್ದೋರು ನಿಲ್ಲಿಸಿದ್ರು, ಹತ್ತಿದವನು ಮುಖ ನೋಡಿ ನೋಡಿ ನೀನು ಇಳಿ ನೀನು ಇಳಿ ಅಂದ, ನಮ್ಮ ಬುಡಕಟ್ಟಿನ ಕಿರಿಗಣ್ಣೇ ಸಾಕಲ್ವಾ ಅವ್ರಿಗೆ, ಏಳು ಜನ ಇಳಿದ್ವಿ, ನನ್ನ ಪಕ್ಕದಲ್ಲಿ ಒಬ್ಬ ಮುದುಕ, ಕಾಬೂಲಲ್ಲಿರೋ ಮಗಳಿಗೆ ಅಂತ ಒಣಗಿಸಿದ ಹಿಪ್ಪುನೇರಳೆ ಒಂದು ಮೂಟೆ ತಗೊಂಡು ಹೊರಟಿದ್ದ, ಇಳಿ ಅಂದ್ರೂ ಮೂಟೆ ಬಿಡ್ಲಿಲ್ಲ, ಅಪ್ಪಿಕೊಂಡೇ ಇಳಿದ, ಸಾಲಾಗಿ ನಿಲ್ಲಿಸಿದ್ರು, ಸದ್ದಾಯ್ತು, ಅವನು ನನ್ನ ಮೇಲೆ ಬಿದ್ದ, ಅವನ ಮೇಲೆ ಮೂಟೆ, ಮೂಟೆ ಒಡೆದು ಹಣ್ಣೆಲ್ಲ ಧೂಳಲ್ಲಿ. ನಾನು ಸತ್ತೆ ಅಂದ್ಕೊಂಡೆ ಇವಾಜ್, ಕಣ್ಣು ತೆರೆದೇ ಇತ್ತು, ಮುಚ್ಚಕ್ಕೆ ಧೈರ್ಯ ಬರ್ಲಿಲ್ಲ, ಗುಂಡು ಹೊಡೆದೋನು ನನ್ನ ಮುಖದ ಹತ್ರ ಬಂದು ಕುಕ್ಕರುಗಾಲಲ್ಲಿ ಕೂತ, ಮುಗೀತು ಅಂದ್ಕೊಂಡೆ, ಅವನು ಕೈ ಚಾಚಿ ನೆಲದಿಂದ ಒಂದು ಹಣ್ಣು ಎತ್ತಿಕೊಂಡ, ಊದಿದ, ಧೂಳು ಹೋಯ್ತು, ಬಾಯಿಗೆ ಹಾಕ್ಕೊಂಡ. ಆಮೇಲೆ ಇನ್ನೊಂದು. ಅಷ್ಟು ಹತ್ರ ಕೂತಿದ್ದ, ಅವನು ಊದಿದ ಗಾಳಿ ನನ್ನ ಕಣ್ಣಿಗೆ ಬಂತು ಕಣೋ. ಆಬೈಗೆ ಹೇಳ್ಬೇಡ. ಕೆಳಗಿನಿಂದ ಆಬೈ ಕೂಗಿದಳು, ಏನ್ರೋ ಅದು ಒಂದು ಷರಾಯಿ ಹರವಕ್ಕೆ ಇಬ್ಬರು ಗಂಡಸರಾ ಎಂದು, ಬೋಸ್ತಾನ ಬಂದೆ ಆಬೈ ಎಂದು ಏನೂ ಆಗದವನಂತೆ ಕೂಗಿ ಉತ್ತರ ಕೊಟ್ಟ, ಷರಾಯಿ ಕೊಡವಿ ತಂತಿಗೆ ಹಾಕಿದ.

ಆಬೈಗೆ ಹೇಳಲಿಲ್ಲ, ಆ ಮಾತೊಂದನ್ನು ಇವಾಜ್ ಉಳಿಸಿಕೊಂಡ, ಆಬೈಯೊಬ್ಬಳನ್ನು ಬಿಟ್ಟು — ಮಂತ್ರಿಗಳ ವಕೀಲ ಎದ್ದಿದ್ದಾನೆ, ತೆಳ್ಳಗಿನ ಯುವಕ, ಗೌಪ್ಯ ಎನ್ನುತ್ತಿದ್ದಾನೆ, ಮೂರನೆಯ ವ್ಯಕ್ತಿಯ ಹಕ್ಕು ಎನ್ನುತ್ತಿದ್ದಾನೆ, ಇವಾಜನ ಪರವಾಗಿಯೇ ವಾದ ಮಾಡುತ್ತಿದ್ದಾನೆ ಪಾಪ, ಆ ಮೂರನೆಯ ವ್ಯಕ್ತಿ ಹತ್ತು ಮಾರು ಹಿಂದೆ ಕೂತಿದ್ದಾನೆಂದು ಅವನಿಗೇನು ಗೊತ್ತು. ಒಂಬತ್ತು ವರ್ಷದ ಹಿಂದೆ, ದೋಣಿಯಲ್ಲಿ ಬಂದವರನ್ನು ಕೂಡಿಹಾಕುವ ದ್ವೀಪದ ಕ್ಯಾಂಪಿನ ಕೋಣೆ ಇಷ್ಟು ತಣ್ಣಗಿರಲಿಲ್ಲ, ಗೋಡೆಗೆ ಹಾಕಿದ್ದ ಫ್ಯಾನು ತಿರುಗುವಾಗಲೆಲ್ಲ ಮೇಜಿನ ಕಾಗದ ಎದ್ದು ಬೀಳುತ್ತಿತ್ತು, ಸಂದರ್ಶನ ಮಾಡುವ ಹೆಂಗಸು ಕಾಗದದ ಮೇಲೆ ಕಪ್ಪೆಚಿಪ್ಪು ಇಟ್ಟಿದ್ದಳು, ಒಳ್ಳೆಯ ಹೆಂಗಸು, ಕ್ವೆಟ್ಟಾದಲ್ಲಿ ನಮ್ಮವರನ್ನು ಹುಡುಕಿ ಹುಡುಕಿ ಕೊಲ್ಲುತ್ತಾರೆ, ನಮ್ಮ ಬೀದಿಯಲ್ಲೇ ಎಂಟು ಜನ, ನನ್ನ ಚಪ್ಪಲಿ ಅಂಗಡಿಯ ಎದುರಿಗೇ ಇಬ್ಬರು ಎಂದೆಲ್ಲ ಹೇಳಿದ, ಎಲ್ಲ ನಿಜ, ಒಂದಕ್ಷರ ಸುಳ್ಳಿಲ್ಲ, ಅವಳು ಬರೆದುಕೊಂಡು ತಲೆಯೆತ್ತಿ ಕೇಳಿದಳು, ನಿನಗೆ? ನಿನಗೇ ಏನಾಯಿತು? ನನಗಾ, ನನಗೇನೂ ಆಗಲಿಲ್ಲ, ಷಟರು ಎಳೆದುಕೊಂಡು ಒಳಗೆ ಕೂತಿದ್ದೆ, ಮಾರನೆಯ ದಿನ ಎಂದಿನಂತೆ ಬಾಗಿಲು ತೆಗೆದೆ, ನಿಜ ಇಷ್ಟೇ, ಹಿಂದಿನ ವಾರ ಹೀಗೆಯೇ ನಿಜ ಹೇಳಿದ ಚಮನ್ ಅಲಿಯನ್ನು ತಿರಸ್ಕರಿಸಿದ್ದರು, ಕ್ಯಾಂಪಿನ ಹಳಬರು ಬಾಯಿಪಾಠ ಮಾಡಿಸಿದ್ದರು, ಬರೀ ಹೆದ್ರಿಕೆ ಅಂದ್ರೆ ಸಾಲಲ್ಲ ತಮ್ಮಾ, ಹೆದ್ರಿಕೆ ಎಲ್ಲರಿಗೂ ಇದೆ, ನಿನ್ನ ಮೈಮೇಲೆ ಏನು ಬಿತ್ತು ಹೇಳು. ಫ್ಯಾನು ತಿರುಗಿತು, ಕಾಗದ ಎದ್ದಿತು, ಮತ್ತೆ ಕೇಳಿದಳು, ನಿನಗೆ? — ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ. ಬಾಯಿ ತಾನಾಗಿ ಹೇಳಿತು. ಹೇಳಬೇಕೆಂದು ಹೋದವನಲ್ಲ, ಇದನ್ನು ದೇವರ ಮುಂದೆ ಬೇಕಾದರೂ ಹೇಳುತ್ತಾನೆ, ಆದರೆ ಒಮ್ಮೆ ಬಸ್ಸು ಹತ್ತಿದ ಮೇಲೆ ಇಳಿಯುವುದೆಲ್ಲಿ, ಮುದುಕ ಬಂದ, ಮೂಟೆ ಬಂತು, ಕುಕ್ಕರುಗಾಲಿನವನು ಬಂದ, ಊದಿದ, ಧೂಳು ಹೋಯಿತು, ಬಾಯಿಗೆ ಹಾಕಿಕೊಂಡ, ಅಲ್ಲಿ ಆ ಹೆಂಗಸು ಪೆನ್ನು ಕೆಳಗಿಟ್ಟಳು. ಅವಳ ಕಣ್ಣಲ್ಲಿ ನೀರು. ಅಂಥ ಹೊತ್ತಿನಲ್ಲೂ ತನಗೆ ಒಳಗೊಳಗೇ ಖುಷಿಯಾಯಿತಲ್ಲ, ಥೂ, ಅದೊಂದನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಹೊಲಸು ಮೆತ್ತಿದ ಹಾಗಾಗುತ್ತದೆ, ಗೆದ್ದೆ ಅನ್ನಿಸಿತಲ್ಲ. ಎರಡು ತಿಂಗಳಿಗೆ ವೀಸಾ ಬಂತು, ಆದೇಶದಲ್ಲಿ ಬರೆದಿದ್ದರು, ಹಿಪ್ಪುನೇರಳೆಯಂಥ ಸಣ್ಣ ವಿವರ ಕಟ್ಟುಕತೆಯಲ್ಲಿ ಬರುವಂಥದ್ದಲ್ಲ, ಅನುಭವಿಸಿದವನೇ ಹೇಳಬಲ್ಲ.

ಐದು ವರ್ಷದ ನಂತರ ಬೋಸ್ತಾನನ ಅರ್ಜಿಗೆ ಇನ್ನೊಂದು ಆದೇಶ, ಹಿಪ್ಪುನೇರಳೆಯ ವಿವರವೂ ಸೇರಿದಂತೆ ಅರ್ಜಿದಾರನ ಕಥೆ ಮತ್ತೊಬ್ಬನಿಂದ ಎರವಲು ಪಡೆದದ್ದು, ಅರ್ಜಿದಾರ ಸತ್ಯವಂತನಲ್ಲ. ಅದನ್ನು ಓದಿ ಹೇಳಿದವನೂ ಇವನೇ, ಅಡುಗೆಮನೆಯ ಮೇಜಿನಲ್ಲಿ, ಬೋಸ್ತಾನ ಎದುರಿಗೆ ಕೂತು ಚಹಾದ ಜೊತೆ ಅದೇ ಹಣ್ಣು ತಿನ್ನುತ್ತಿದ್ದ, ಡಾಂಡೆನಾಂಗ್ ಮಾರ್ಕೆಟ್ಟಿನ ಪೊಟ್ಟಣದ್ದು, ತೊಳೆದು ಒಣಗಿಸಿ ಸೀಲು ಹಾಕಿದ್ದು, ಒಂದು ಚೂರು ಧೂಳಿಲ್ಲ, ಆದರೂ ಅವನು ಒಂದೊಂದನ್ನೂ ಊದಿಯೇ ತಿನ್ನುತ್ತಾನೆ, ತಾನು ಊದುತ್ತೇನೆಂದು ಅವನಿಗೇ ಗೊತ್ತಿಲ್ಲ, ಇವಾಜ್ ಆ ತಟ್ಟೆ ಮೇಜಿಗೆ ಬಂದಾಗೆಲ್ಲ ಏನಾದರೊಂದು ನೆಪ ಹೇಳಿ ಎದ್ದುಹೋಗುತ್ತಾನೆ, ಅವತ್ತು ಏಳುವಂತಿರಲಿಲ್ಲ, ಕಾಗದ ಕೈಯಲ್ಲಿತ್ತು. ಸತ್ಯವಂತನಲ್ಲ ಅಂತೆ ಎಂದ ಬೋಸ್ತಾನ, ಚಹಾ ಗುಟುಕರಿಸಿ ಹೇಳಿದ, ಯಾವನೋ ಕದ್ದಿದ್ದಾನೆ ಕಣೋ ನನ್ನ ಕಥೆನ, ಇಂಡೋನೇಷ್ಯಾದಲ್ಲಿ ದೋಣಿಗೆ ಕಾಯ್ತಿದ್ದಾಗ ಒಂದೇ ಮನೇಲಿ ಇಪ್ಪತ್ತು ಜನ ಇದ್ವಿ, ಒಂದಿನ ಮಗಳ ನೆನಪಾಗಿ ಅಳ್ತಾ ಅಳ್ತಾ ಎಲ್ಲರ ಮುಂದೆ ಹೇಳ್ಬಿಟ್ಟಿದ್ದೆ, ಆ ಇಪ್ಪತ್ತರಲ್ಲಿ ಯಾವನೋ ಒಬ್ಬ. ಕದ್ದೋನು ಹಾಳಾಗೋಗ್ಲಿ ಎಂದಳು ಹಕೀಮಾ ಒಲೆಯ ಕಡೆ ತಿರುಗಿಕೊಂಡು, ಅವಳಿಗೆ ಎಲ್ಲ ಗೊತ್ತಿದ್ದೂ, ಗೊತ್ತಿದ್ದುದರಿಂದಲೇ. ಬೋಸ್ತಾನ ಕೈ ಎತ್ತಿದ, ಬೇಡ ಅತ್ತಿಗೆ, ಶಾಪ ಹಾಕ್ಬೇಡ, ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ, ಮುಳುಗೋನು ಕೈಗೆ ಸಿಕ್ಕಿದ್ದು ಹಿಡ್ಕೋತಾನೆ, ಆದ್ರೆ ಒಂದೇ ಒಂದು ಸಲ ಸಿಕ್ಕಿದ್ರೆ ಕೇಳ್ತಿದ್ದೆ, ಹಿಡ್ಕೊಂಡಿದ್ದು ನನ್ನ ಕಾಲು ಅಂತ ನಿನಗೆ ಗೊತ್ತಿತ್ತೇನೋ ಅಂತ. ಅವನು ಊದಿದ, ಹಣ್ಣು ಬಾಯಿಗೆ ಹಾಕಿಕೊಂಡ. ಅವತ್ತು ಇವಾಜ್ ಹೇಳಿಬಿಡಬೇಕಿತ್ತು, ಅದಕ್ಕೂ ಮೊದಲು ಅವನು ದೋಣಿಯಿಂದ ಇಳಿದ ದಿನವೇ ಹೇಳಬೇಕಿತ್ತು, ಏ ತಮ್ಮಾ, ಬಸ್ಸಿನ ಕಥೆ ಹೇಳಬೇಡ, ಅದನ್ನು ನಾನು ತಿಂದುಬಿಟ್ಟಿದ್ದೇನೆ, ಬೇರೇನಾದರೂ ಹೇಳು ಎಂದು, ಹೇಳಿದ್ದರೆ ಅವನು ಹೊಡೆಯುತ್ತಿದ್ದ, ಉಗಿಯುತ್ತಿದ್ದ, ಆಮೇಲೆ ಬೇರೆ ದಾರಿ ನೋಡಿಕೊಳ್ಳುತ್ತಿದ್ದ, ಈ ನಾಲ್ಕು ವರ್ಷದ ಕಾಯುವಿಕೆ ಇರುತ್ತಿರಲಿಲ್ಲ, ಅವನ ಮಗಳಿಗೆ ಈಗ ಒಂಬತ್ತು, ಅಪ್ಪ ಅಂದರೆ ಅವಳಿಗೆ ಫೋನಿನ ಗಾಜು. ಹೇಳಲಿಲ್ಲ, ಯಾಕೆ ಹೇಳಲಿಲ್ಲ, ಹೇಡಿ, ಅದಕ್ಕೇ.

ನಿನ್ನೆ ಸಂಜೆ ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಹಕೀಮಾ ಹೇಳಿದಳು, ಮಾತು ಹಿಂದಿನ ಕೋಣೆಗೆ ಕೇಳಿಸಬಾರದೆಂದು, ನೀನು ನಾಳೆ ಹೋಗೋದು ಅವನ ಜೊತೆ ಕೂತ್ಕೊಳ್ಳಕ್ಕೆ, ಕೂತ್ಕೊಂಡು ಬಾ, ಎದ್ದು ನಿಲ್ಲಕ್ಕಲ್ಲ. ಸುಳ್ಳು ಹೇಳಿ ವೀಸಾ ತಗೊಂಡ ಅಂತ ಗೊತ್ತಾದ್ರೆ ನಿನ್ನ ಪೌರತ್ವ ಕಿತ್ಕೋತಾರೆ, ನಿನ್ನ ಹೆಸರಲ್ಲಿ ಬಂದ ನನ್ನದು, ದೊಡ್ಡ ಹುಡುಗೀರಿಬ್ಬರದು, ನಿನ್ನ ಮಗಳು ಮಹದಿಯಾ ಶಾಲೆ ಟೀಮಿಗೆ ಸೇರಿದ್ದಾಳೆ, ಅವಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ, ಯಾವ ಬಸ್ಸು ಹತ್ತಿಸ್ಲಿ. ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಬೋಸ್ತಾನನದ್ದು ಬೋಸ್ತಾನನ ನಸೀಬು, ನಿನ್ನ ಬಾಯಿ ನಿನ್ನ ಮಕ್ಕಳದ್ದು ಎಂದಳು, ಎಂದು ಅತ್ತಳು, ಅವಳೂ ಕಲ್ಲಲ್ಲ, ಬೋಸ್ತಾನನಿಗೆ ಜ್ವರ ಬಂದಾಗ ಮೂರು ದಿನ ಕೆಲಸಕ್ಕೆ ಹೋಗದೆ ಆಶ್ ಸಾರು ಕಾಯಿಸಿ ಕುಡಿಸಿದವಳು ಅವಳೇ. ಇವಾಜನಿಗೆ ಯಾವ ಪ್ರಾರ್ಥನೆ ಮಾಡಬೇಕೆಂದೇ ತಿಳಿಯದಾಯಿತು, ಲಕೋಟೆ ಒಡೆಯಲಿ ಎಂದರೆ ತನ್ನ ಮನೆ ಹೋಯಿತು, ಒಡೆಯದಿರಲಿ ಎಂದರೆ ತಮ್ಮನ ತಲೆ ಹೋಯಿತು, ಬೆಳಿಗ್ಗೆ ನಮಾಜಿನಲ್ಲಿ ಮಣ್ಣಿನ ಬಿಲ್ಲೆಗೆ ಹಣೆ ಊರಿ ಸುಮ್ಮನೆ ಇದ್ದುಬಿಟ್ಟ, ಏನೂ ಕೇಳಲಿಲ್ಲ, ಬೋಸ್ತಾನ ಪಕ್ಕದಲ್ಲಿ ಹಣೆ ಊರಿದ್ದವನು ಎದ್ದು ಹೇಳಿದ, ಇಷ್ಟು ಹೊತ್ತು ನನಗೋಸ್ಕರ ಕೇಳ್ಕೊಂಡ್ಯಾ, ದೇವರು ನಿನಗೆ ಒಳ್ಳೇದು ಮಾಡ್ಲಿ.

ಎಲ್ಲರೂ ಲಕೋಟೆ ನೋಡುತ್ತಿದ್ದಾರೆ. ಏನಾಯಿತು, ಏನೋ ಆಯಿತು, ನ್ಯಾಯಾಧೀಶರು ಕನ್ನಡಕ ಮೇಲೇರಿಸಿ ಕೈ ಚಾಚಿದ್ದಾರೆ, ತೆಳ್ಳಗಿನ ವಕೀಲ ಲೋಟ ಪಕ್ಕಕ್ಕಿಟ್ಟು ಲಕೋಟೆ ಒಪ್ಪಿಸುತ್ತಿದ್ದಾನೆ, ಅದರ ಮೇಲೆ ಲೋಟದ ಒದ್ದೆ ಉಂಗುರ, ಟೇಪು ಕಿತ್ತ ಸದ್ದು, ಅವರು ಓದುತ್ತಿದ್ದಾರೆ, ಒಂದು ಹಾಳೆ, ಎರಡನೆಯದು, ಹಣೆಯಲ್ಲಿ ಗೆರೆ ಬಿತ್ತು — ಇದನ್ನು ಅರ್ಜಿದಾರರಿಗೆ ತೋರಿಸಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಬ್ರಿಡ್ಜೆಟ್ಟಳ ಬೆನ್ನು ನೆಟ್ಟಗಾಯಿತು. ಆದರೆ ತೋರಿಸಿದ್ದರೆ ಅವರು ಏನು ಹೇಳುತ್ತಿದ್ದರು ಎಂಬುದನ್ನೂ ನಾನು ನೋಡಬೇಕಾಗುತ್ತದೆ, ಹೇಳುವುದಕ್ಕೆ ಏನಾದರೂ ಇದ್ದರೆ ಮಂಡಳಿಯ ತೀರ್ಪು ನಿಲ್ಲದು, ವಿಚಾರಣೆ ಹೊಸದಾಗಿ ಆಗಬೇಕು, ಏನೂ ಇಲ್ಲದಿದ್ದರೆ ತೋರಿಸದೆ ಇದ್ದುದರಿಂದ ಅವರಿಗೆ ನಷ್ಟವಾಗಲಿಲ್ಲ ಎಂದಾಯಿತು. ಹೆಸರಿಗೆ ಕಪ್ಪು ಬಳಿದಿದೆ, ಉಳಿದದ್ದನ್ನು ದುಭಾಷಿ ಓದಿ ಹೇಳಲಿ, ಹತ್ತು ನಿಮಿಷ. ಇದನ್ನೇ ಬ್ರಿಡ್ಜೆಟ್ ಕಳೆದ ವಾರ ಹೇಳಿದ್ದಳು, ಇವಾಜ್ ಪಕ್ಕದಲ್ಲೇ ಕೂತಿದ್ದ, ಕಾಗದ ಕೈಗೆ ಬಂದ ಮೇಲೆ, ಇವನು ಇಂಥವನು, ನನ್ನ ಕಥೆಯನ್ನು ನನ್ನ ಬಾಯಿಂದಲೇ ಕೇಳಿದವನು ಎಂದು ನೀನು ಹೇಳಿಬಿಟ್ಟರೆ ಗೆದ್ದ ಹಾಗೆ. ಹೆಸರಿಗೆ ಕಪ್ಪು ಬಳಿದಿದೆ, ಸದ್ಯ, ಹೆಸರಿಗೆ ಕಪ್ಪು ಬಳಿದಿದೆ, ಇಪ್ಪತ್ತರಲ್ಲಿ ಯಾವನೋ ಒಬ್ಬ ಅಂದುಕೊಳ್ಳುತ್ತಾನೆ, ದುಭಾಷಿ ಹಾಳೆ ಹಿಡಿದು ಶುರುಮಾಡಿದ, ಕೋಣೆ ನಿಶ್ಶಬ್ದವಾಗಿದ್ದರಿಂದ ಪಿಸುಮಾತೂ ಇಲ್ಲಿಯತನಕ ಬರುತ್ತಿದೆ, ನಮ್ಮದೇ ಭಾಷೆ, ಒಂದು ದಿನ ಬಸ್ಸಿನಲ್ಲಿ ಹೋಗುತ್ತಿದ್ದೆ, ತನ್ನ ಬಾಯಿಯ ಮಾತು ಇಂಗ್ಲಿಷಿಗೆ ಹೋಗಿ ಒಂಬತ್ತು ವರ್ಷ ಅಲ್ಲೇ ಇದ್ದು ಈಗ ಬೇರೆ ಬಾಯಿಂದ ಮನೆಗೆ ಬರುತ್ತಿದೆ, ಬೋಸ್ತಾನ ತಲೆಯಾಡಿಸುತ್ತಾ ಕೇಳುತ್ತಿದ್ದಾನೆ, ಹೌದು ಹೌದು ಎಂಬಂತೆ, ಮುದುಕ, ಮೂಟೆ, ಸದ್ದು — ಆಗ ನೆನಪಾಯಿತು. ಅದನ್ನೂ ಹೇಳಿದ್ದೆನಲ್ಲ, ಆ ಹೆಂಗಸು ಕಣ್ಣೊರೆಸಿಕೊಂಡು ಆಗ ನೀನು ಏನು ಮಾಡಿದೆ ಎಂದಾಗ, ಬೋಸ್ತಾನ ಹೇಳಿದ್ದು ಮುಗಿದುಹೋಗಿತ್ತು, ಸ್ವಂತದ್ದೇನಾದರೂ ಸೇರಿಸಬೇಕಾಗಿತ್ತು, ಮೈಮೇಲಿದ್ದುದನ್ನೇ ಸೇರಿಸಿದ.

ನಾನು ಪ್ರಾರ್ಥಿಸಿದೆ, ದುಭಾಷಿ ಓದಿದ, ನನ್ನ ವಾಸ್ಕೋಟಿನ ಕುತ್ತಿಗೆಪಟ್ಟಿಯೊಳಗೆ ನನ್ನ ತಾಯಿ ಕರ್ಬಲಾದ ಮಣ್ಣಿನ ಬಿಲ್ಲೆಯ ಅರ್ಧ ಹೊಲಿದಿದ್ದಳು, ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಪ್ರಾರ್ಥಿಸಿದೆ. ಆ ಬಿಲ್ಲೆಯನ್ನು ಆಬೈ ಒಡೆದದ್ದು ಇವಾಜ್ ದೋಣಿಗೆ ಹೊರಡುವ ಹಿಂದಿನ ದಿನ, ತನ್ನ ತಾಯಿ ಕೊಟ್ಟದ್ದು, ನಲವತ್ತು ವರ್ಷ ಹಣೆ ಊರಿ ಊರಿ ನುಣುಪಾದದ್ದು, ಮುಲ್ಲಾ ನೋಡಿದ್ರೆ ಬೈತಾನೆ ಆಬೈ ಎಂದರೆ ಮುಲ್ಲಾನ ಮಕ್ಕಳು ದೋಣಿ ಹತ್ತಲಿ, ಆಮೇಲೆ ಬೈಯಲಿ ಎಂದು ಸೌಟಿನ ಹಿಡಿಯಿಂದ ಕುಟ್ಟಿ ಎರಡು ಹೋಳು ಮಾಡಿದಳು, ಒಂದು ಇವನಿಗೆ, ಒಂದು ಅವನಿಗೆ, ಒಂದೇ ಎದೆ ಕುಡಿದವರು ಒಂದೇ ಮಣ್ಣು ಇಟ್ಕೊಳ್ಳಿ. ಜಗತ್ತಿನಲ್ಲಿ ಅರ್ಧ ಬಿಲ್ಲೆ ಕುತ್ತಿಗೆಪಟ್ಟಿಗೆ ಹೊಲಿಸಿಕೊಂಡವರು ಇಬ್ಬರೇ. ಬೋಸ್ತಾನನ ತಲೆ ಆಡುವುದು ನಿಂತಿತು. ತಿರುಗಿ ನೋಡುತ್ತಾನೆ ಅಂದುಕೊಂಡ, ತಿರುಗಲಿಲ್ಲ, ಕಿವಿಯ ಹಿಂದಿನ ಚರ್ಮ ಮಾತ್ರ ನಿಧಾನವಾಗಿ ಕೆಂಪಗಾಯಿತು, ದುಭಾಷಿ ಮುಗಿಸಿದ, ಹಾಳೆ ಮಡಿಸಿದ, ಬ್ರಿಡ್ಜೆಟ್ ಬಗ್ಗಿ ಕೇಳುತ್ತಿದ್ದಾಳೆ, ಗೊತ್ತಾಯಿತೇ, ಯಾರಿರಬಹುದು, ಯೋಚನೆ ಮಾಡಿ ಹೇಳು, ಒಂದು ಹೆಸರು ಸಾಕು, ದಿನಾಂಕ ನೋಡು, ನೀನು ಇಂಡೋನೇಷ್ಯಾಕ್ಕೆ ಬರುವ ಎರಡು ವರ್ಷ ಮೊದಲು, ಆಗ ನಿನ್ನ ಕಥೆ ಯಾರಿಗೆ ಗೊತ್ತಿತ್ತು? ಬೋಸ್ತಾನ ಎರಡೂ ಅಂಗೈಯನ್ನು ಮೇಜಿನ ಮೇಲೆ ಹರಡಿಟ್ಟ. ಇಲ್ಲ ಅಮ್ಮ, ಯಾರೋ ನನಗೆ ಗೊತ್ತಿಲ್ಲ. ದನಿ ಗಟ್ಟಿಯಾಗಿಯೇ ಇತ್ತು, ಹಿಂದಿನ ಸಾಲಿಗೂ ಕೇಳಲಿ ಎಂಬಷ್ಟು. ಬಸ್ಸಿಂದ ಏಳು ಜನ ಇಳಿದ್ವಿ, ನಾನು ಎಲ್ಲರ ಮುಖ ನೋಡ್ಲಿಲ್ಲ, ಅವನೂ ಇದ್ದ ಅನ್ಸುತ್ತೆ ಅದರಲ್ಲಿ, ಬದುಕಿದ್ದಾನಲ್ಲ, ದೇವರು ದೊಡ್ಡವನು. ದುಭಾಷಿ ಇಂಗ್ಲಿಷಿನಲ್ಲಿ ಹೇಳಿದ, ಬ್ರಿಡ್ಜೆಟ್ ಕಣ್ಣು ಮುಚ್ಚಿಕೊಂಡಳು, ಒಬ್ಬನೇ ಮುದುಕ ಇಬ್ಬರ ಮೇಲೂ ಬಿದ್ದ ಎಂದರೆ ಯಾರು ನಂಬುತ್ತಾರೆ, ಆಮೇಲೆ ಎದ್ದು, ಅರ್ಜಿದಾರರು ಹೇಳುವುದಕ್ಕೆ ಏನೂ ಇಲ್ಲ ಎಂದಳು.

ಏನೂ ಇಲ್ಲವೇ, ನ್ಯಾಯಾಧೀಶರು ಕೇಳುತ್ತಿದ್ದಾರೆ, ಪೆನ್ನು ಹಿಡಿದಿದ್ದಾರೆ, ಏಳಬೇಕು, ಈಗಲೇ ಏಳಬೇಕು, ಅಮ್ಮಾ ಆ ಕಪ್ಪು ಬಳಿದ ಹೆಸರು ನನ್ನದು ಎಂದರೆ ಮುಗಿಯಿತು, ಎರಡು ಮಂಡಿ ನೆಟ್ಟಗೆ ಮಾಡುವಷ್ಟು ಕೆಲಸ, ದಿನಕ್ಕೆ ನೂರು ಸಲ ಮಾಡುವ ಕೆಲಸ, ನೆಲದಿಂದ ಏಳು, ಟೈಲು ಎತ್ತಿಕೊ, ಮತ್ತೆ ಕೂರು, ಏಳು ಇವಾಜ್, ಅವನು ನಿನ್ನನ್ನು ತನ್ನ ಬಸ್ಸಿಗೆ ಹತ್ತಿಸಿಕೊಂಡ, ಪಕ್ಕದಲ್ಲಿ ಜಾಗ ಕೊಟ್ಟ, ಏಳು, ಮಹದಿಯಾ, ನಲ್ಲಿ ನೀರು, ಹಕೀಮಾ, ಆಬೈ ಬಲಕ್ಕೆ ನೀನು ಎಡಕ್ಕೆ ಅವನು, ಏಳೋ, ನಾಯಿ, ಏಳು — ಇನ್ನೇನಾದರೂ ಇದೆಯೇ, ಇದು ಎರಡನೆಯ ಸಲ, ಅವರ ಕಣ್ಣು ಕೋಣೆಯನ್ನು ಒಮ್ಮೆ ಸುತ್ತಿ ಬಂತು, ಇವನ ಮೇಲೂ ಹಾದುಹೋಯಿತು, ಇವನು ಕಾರ್ಪೆಟ್ಟು ನೋಡಿದ. ಏಳಲಿಲ್ಲ. ಪೆನ್ನು ಬರೆಯಲು ತೊಡಗಿತು, ಅರ್ಜಿಯನ್ನು ವಜಾ ಮಾಡಿದೆ, ದುಭಾಷಿ ಬಗ್ಗಿದ, ಬೋಸ್ತಾನ ತಲೆಯಾಡಿಸಿದ, ಆಗಲಿ ಎಂಬಂತೆ, ಆಗಲೂ ತಿರುಗಲಿಲ್ಲ, ಬೆನ್ನು ಹಾಗೇ ಇದೆ, ನೀಲಿ ಕೋಟು, ಧೂಳಿನ ನೆಲ, ಏಳು ಜನ, ಕಣ್ಣು ತೆರೆದೇ ಬಿದ್ದಿರುವವನೊಬ್ಬ, ಅವನ ಮುಖದ ಹತ್ತಿರ ಕುಕ್ಕರುಗಾಲಲ್ಲಿ ಕೂತ ಇನ್ನೊಬ್ಬ, ಕೈ ಚಾಚಿದ, ಒಂದು ಹಣ್ಣು ಎತ್ತಿಕೊಂಡ, ಊದಿದ, ಧೂಳು ಹೋಯಿತು, ಬಾಯಿಗೆ ಹಾಕಿಕೊಂಡ, ಊದಿದ, ಧೂಳು ಹೋಯಿತು, ಊದಿದ, ಊದಿದ